ಗೋಪುರದ ಬುಡದಲ್ಲಿ ಒಬ್ಬ ಹುಡುಗಿ

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ನೋಡದವರು ವಿರಳ. ಅದರ ಬಲಿಪೀಠದ ಕೆಳಗಿರುವ ಅವಶೇಷದ ಕತೆ ಬಲ್ಲವರೂ ಅಷ್ಟೇ ವಿರಳ.

ಹೂವಿನಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯ ಶಾಲೆಗಳಿಂದ ಮೈಸೂರು ಪ್ರವಾಸಕ್ಕೆ ಹೊರಡುವ ಬಸ್ಸುಗಳ ಪಟ್ಟಿ ಹೆಚ್ಚೂಕಡಿಮೆ ಒಂದೇ: ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಕೆಆರ್‌ಎಸ್. ನಡುವೆ ಅರ್ಧ ಗಂಟೆ ಬಿಡುವಾದರೆ ‘ದೊಡ್ಡ ಚರ್ಚು’. ಬಸ್ಸಿಳಿದವರು ಕತ್ತೆತ್ತಿ 175 ಅಡಿಯ ಗೋಪುರಗಳನ್ನು ನೋಡುತ್ತಾರೆ, ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಮೇಷ್ಟ್ರು ಸೀಟಿ ಊದಿದೊಡನೆ ಬಸ್ಸು ಹತ್ತುತ್ತಾರೆ. ಆದರೆ ಈ ಕಟ್ಟಡದ ಜೀವ ಇರುವುದು ಮೇಲಲ್ಲ, ಕೆಳಗೆ. ಬಲಿಪೀಠದ ಅಡಿಯ ನೆಲಮಾಳಿಗೆಯಲ್ಲಿ ಸಂತ ಫಿಲೋಮಿನಾ ಅವರ ಪವಿತ್ರ ಅವಶೇಷವಿದೆ. ಅದಕ್ಕಾಗಿಯೇ ಈ ಚರ್ಚು ಎದ್ದಿತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಟ್ಟೂರೇಶ್ವರನ ಗದ್ದುಗೆಗೆ ನಡೆದು ಹೋಗಿ ಹಣೆ ಹಚ್ಚಿ ಬರುವವರಿಗೆ, ಪುಣ್ಯಪುರುಷರು ಒರಗಿದ ನೆಲಕ್ಕೆ ಎಂಥ ಸೆಳೆತವಿದೆಯೆಂದು ಗೊತ್ತು. ಕ್ರೈಸ್ತರಲ್ಲೂ ಈ ಭಾವ ಹಳೆಯದು. ರೋಮಿನ ಮೊದಲ ಕ್ರೈಸ್ತರು ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ಸಮಾಧಿಗಳ ಬಳಿ ಸೇರಿ ಪ್ರಾರ್ಥಿಸುತ್ತಿದ್ದರು. ಬಲಿಪೀಠದ ಕೆಳಗೆ ಸಂತರ ಅವಶೇಷ ಇಡುವ ವಾಡಿಕೆ ಬೆಳೆದದ್ದು ಅಲ್ಲಿಂದಲೇ.

ಮೂರು ಹೆಂಚು, ಒಂದು ಹೆಸರು

1802ರ ಮೇ ತಿಂಗಳು. ರೋಮಿನ ಸಲಾರಿಯಾ ರಸ್ತೆಯ ಪ್ರಿಸಿಲ್ಲಾ ಭೂಗತ ಸ್ಮಶಾನದಲ್ಲಿ ಅಗೆಯುತ್ತಿದ್ದವರಿಗೆ ಮೂರು ಸುಟ್ಟ ಮಣ್ಣಿನ ಹೆಂಚುಗಳಿಂದ ಮುಚ್ಚಿದ ಗೂಡೊಂದು ಸಿಕ್ಕಿತು. ಹೆಂಚುಗಳ ಮೇಲೆ ಲಂಗರು, ಬಾಣ, ತಾಳೆಗರಿಯ ಚಿತ್ರಗಳಿದ್ದವು, ಜೊತೆಗೆ ಬಿಡಿಬಿಡಿ ಅಕ್ಷರಗಳು. ಇದ್ದ ಕ್ರಮದಲ್ಲಿ ಓದಿದರೆ ಅರ್ಥವಾಗದ ಆ ಬರಹ, ಮೊದಲ ಹೆಂಚನ್ನು ಕೊನೆಗಿಟ್ಟಾಗ ‘ಫಿಲುಮೆನಾ, ನಿನಗೆ ಶಾಂತಿ’ ಎಂದಾಯಿತು. ಒಳಗಿದ್ದದ್ದು ಹದಿಮೂರು ಹದಿನೈದರ ಹುಡುಗಿಯ ಮೂಳೆಗಳು.

ಗೂಡಿನಿಂದ ತಿಳಿದದ್ದು ಅಷ್ಟೇ. ಉಳಿದದ್ದನ್ನು ಭಕ್ತಿ ತುಂಬಿಕೊಂಡಿತು. 1805ರಲ್ಲಿ ಫ್ರಾನ್ಸೆಸ್ಕೊ ದಿ ಲುಚಿಯಾ ಎಂಬ ಗುರು ಈ ಅವಶೇಷಗಳನ್ನು ಬೇಡಿ ಪಡೆದು ನೇಪಲ್ಸ್ ಬಳಿಯ ಮುನ್ಯಾನೊ ಊರಿಗೆ ತಂದರು. ಅಲ್ಲಿ ಹರಕೆ, ವಾಸಿಯಾದ ಕಾಯಿಲೆ, ಪವಾಡದ ಸುದ್ದಿ ಒಂದರ ಹಿಂದೊಂದು ಹಬ್ಬಿದವು. ಆಕೆ ಗ್ರೀಕ್ ರಾಜಕುಮಾರಿ, ಚಕ್ರವರ್ತಿ ಡಯೊಕ್ಲೀಷಿಯನ್‌ನನ್ನು ಮದುವೆಯಾಗಲು ಒಪ್ಪಲಿಲ್ಲ, ಲಂಗರು ಕಟ್ಟಿ ನದಿಗೆ ಎಸೆದರೂ ಬಾಣ ಬಿಟ್ಟರೂ ಸಾಯದೆ ಕೊನೆಗೆ ಶಿರಚ್ಛೇದಕ್ಕೆ ಒಳಗಾದಳು ಎಂಬ ಇಂದಿನ ಜನಪ್ರಿಯ ಕತೆ ಹರಡಿದ್ದು 1833ರಲ್ಲಿ. ಇಟಲಿಯ ಒಬ್ಬ ಸನ್ಯಾಸಿನಿ ತನಗೆ ದೊರೆತ ದರ್ಶನವೆಂದು ಹೇಳಿಕೊಂಡದ್ದು ಅದರ ಆಧಾರ.

ಫ್ರಾನ್ಸ್ ದಾರಿಯಲ್ಲಿ ಮೈಸೂರಿಗೆ

ಇಟಲಿಯ ಈ ಭಕ್ತಿಗೆ ರೆಕ್ಕೆ ಕಟ್ಟಿದ್ದು ಫ್ರಾನ್ಸ್. ಲಿಯೋನ್ ನಗರದ ಪಾಲಿನ್ ಜಾರಿಕೊ 1835ರಲ್ಲಿ ಸಾವಿನ ಅಂಚಿನಲ್ಲಿದ್ದಾಗ ಮುನ್ಯಾನೊಗೆ ಬಂದು ಗುಣಮುಖರಾದರು. ಆರ್ಸ್ ಎಂಬ ಹಳ್ಳಿಯ ಗುರು ಜಾನ್ ವಿಯಾನ್ನಿ, ತಮ್ಮ ಹೆಸರಿಗೆ ಅಂಟಿದ ಪವಾಡಗಳನ್ನೆಲ್ಲ ಫಿಲೋಮಿನಾ ಲೆಕ್ಕಕ್ಕೇ ಬರೆದರು. 1837ರಲ್ಲಿ ಪೋಪ್ 16ನೇ ಗ್ರೆಗರಿ ಆಕೆಯ ಹಬ್ಬದ ಆಚರಣೆಗೆ ಒಪ್ಪಿಗೆ ಕೊಟ್ಟರು.

ಮೈಸೂರು ಸೀಮೆಯ ಕಥೋಲಿಕ ಮಿಷನ್ ಆಗ ಪ್ಯಾರಿಸ್‌ನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳ ಕೈಯಲ್ಲಿತ್ತು. ಅದೇ ಜಾರಿಕೊ, ಸಾಮಾನ್ಯ ಜನರಿಂದ ವಾರಕ್ಕೊಂದು ಕಾಸು ಕೂಡಿಸಿ ದೂರದೇಶದ ಮಿಷನ್‌ಗಳಿಗೆ ನೆರವಾಗುವ ಕೂಟವನ್ನು 1822ರಲ್ಲೇ ಹುಟ್ಟುಹಾಕಿದ್ದವರು. ಫ್ರಾನ್ಸಿನ ಹಳ್ಳಿಗಳ ನೆಚ್ಚಿನ ಫಿಲೋಮಿನಾ ಫ್ರೆಂಚ್ ಗುರುಗಳಿದ್ದ ಊರಿನಲ್ಲಿ ಪರಕೀಯಳಾಗದೆ ಹೋದದ್ದರಲ್ಲಿ ಅಚ್ಚರಿಯಿಲ್ಲ.

ಇಬ್ಬರು ಕೃಷ್ಣರಾಜರು

ಈಗಿನ ಚರ್ಚಿಗೂ ಮುಂಚೆ ಅಲ್ಲೊಂದು ಚರ್ಚಿತ್ತು. ಅದನ್ನು 1843ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ್. 1831ರಲ್ಲೇ ಬ್ರಿಟಿಷರು ಅವರಿಂದ ಆಡಳಿತ ಕಿತ್ತುಕೊಂಡಿದ್ದರು. ಅಧಿಕಾರ ಹೋದರೂ ಕೊಡುಗೈ ಹೋಗಿರಲಿಲ್ಲ. ಆ ಚರ್ಚಿನ ಶಾಸನ ಏಕೈಕ ದೇವರ ಹೆಸರಿನಿಂದ ಆರಂಭವಾಗಿ, ಕ್ರಿಸ್ತನ ಅವತಾರದಿಂದ ವರ್ಷಗಳನ್ನು ಎಣಿಸುತ್ತದೆ.

1926ರಲ್ಲಿ ಕತೆ ಹೊಸ ತಿರುವು ಪಡೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಹುಜೂರ್ ಕಾರ್ಯದರ್ಶಿಯಾಗಿದ್ದ ಕಥೋಲಿಕ ತಂಬುಚೆಟ್ಟಿ ಅವರು, ಪೋಪರ ಪ್ರತಿನಿಧಿ ಪೀಟರ್ ಪಿಸಾನಿ ಅವರಿಂದ ಫಿಲೋಮಿನಾ ಅವಶೇಷವನ್ನು ಪಡೆದು ಫ್ರೆಂಚ್ ಗುರು ಫಾದರ್ ಕೊಶೆ ಅವರಿಗೆ ಒಪ್ಪಿಸಿದರು. ವಿಯಾನ್ನಿ ಅವರಿಗೆ ರೋಮ್ ಸಂತ ಪದವಿ ಕೊಟ್ಟು ಆಗಿನ್ನೂ ಒಂದೇ ವರ್ಷವಾಗಿತ್ತು. ಅವಶೇಷ ಬಂದ ಮೇಲೆ ಅದಕ್ಕೆ ತಕ್ಕ ಆಲಯ ಬೇಡವೇ? ಕೊಶೆ ಅರಮನೆಯ ನೆರವು ಕೇಳಿದರು. 1933ರ ಅಕ್ಟೋಬರ್ 28ರಂದು ನಾಲ್ವಡಿಯವರು ಅಡಿಗಲ್ಲಿಟ್ಟರು. ದೇವರ ಕರುಣೆ ಮತ್ತು ಜನರ ಕೃತಜ್ಞತೆ ಎಂಬ ಎರಡು ಅಡಿಪಾಯಗಳ ಮೇಲೆ ಈ ಚರ್ಚು ಭದ್ರವಾಗಿ ನಿಲ್ಲುತ್ತದೆ ಎಂಬುದು ಅಂದಿನ ಅವರ ಮಾತಿನ ಸಾರ.

ಡೇಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿ ಜರ್ಮನಿಯ ಕಲೋನ್ ಪ್ರಧಾನಾಲಯದ ಸ್ಫೂರ್ತಿಯಲ್ಲಿ ನವಗಾಥಿಕ್ ಶೈಲಿಯ ನಕ್ಷೆ ಹಾಕಿದರು. ಶಿಲುಬೆಯಾಕಾರದ ತಳ, ಚೂಪು ಕಮಾನು, ಕ್ರಿಸ್ತನ ಜನನದಿಂದ ಸ್ವರ್ಗಾರೋಹಣದವರೆಗಿನ ಕತೆ ಹೇಳುವ ಬಣ್ಣದ ಗಾಜಿನ ಕಿಟಕಿಗಳು. ಒಳಗೆ ಒಮ್ಮೆಗೆ ಸುಮಾರು ಎಂಟುನೂರು ಜನ ಕೂರಬಹುದು. ಬಿಷಪ್ ರೆನೆ ಫ್ಯೂಗಾ ಅವರ ಉಸ್ತುವಾರಿಯಲ್ಲಿ ಕೆಲಸ ಪೂರ್ತಿಯಾಯಿತು. ಕಣ್ಣೆಲ್ಲ ಮೇಲಕ್ಕೆ ಎಳೆಯುವಂತೆ ಕಟ್ಟಿದ ಈ ಆಲಯದಲ್ಲಿ ಭಕ್ತರು ಮಾತ್ರ ಮೆಟ್ಟಿಲಿಳಿದು ಕೆಳಗೆ ಹೋಗುತ್ತಾರೆ.

ಪಂಚಾಂಗದಿಂದ ಹೋದ ಹೆಸರು

1961ರ ಫೆಬ್ರುವರಿ 14ರಂದು ರೋಮ್ ಫಿಲೋಮಿನಾ ಹಬ್ಬವನ್ನು ಧರ್ಮಸಭೆಯ ಎಲ್ಲ ಪಂಚಾಂಗಗಳಿಂದ ತೆಗೆದುಹಾಕಿತು. ಆಕೆಯ ಬದುಕಿಗೆ ಇತಿಹಾಸದ ಪುರಾವೆ ಸಾಲದು ಎಂಬ ಅನುಮಾನ ಆ ಹೊತ್ತಿಗೆ ಬಲವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಪುರಾತತ್ವಜ್ಞ ಒರಾಜಿಯೊ ಮರುಕ್ಕಿ, ಆ ಹೆಂಚುಗಳು ಬೇರೊಂದು ಹಳೆಯ ಸಮಾಧಿಯಿಂದ ತೆಗೆದು ಮತ್ತೆ ಬಳಸಿದವು ಎಂದು ವಾದಿಸಿದ್ದರು. ಹಾಗಿದ್ದರೆ ಹೆಸರು ಒಬ್ಬಳದು, ಮೂಳೆ ಇನ್ನೊಬ್ಬಳದು.

ಮುನ್ಯಾನೊದ ಆಲಯ ಮುಚ್ಚಲಿಲ್ಲ, ಮೈಸೂರಿನದೂ ಹೆಸರು ಬದಲಿಸಲಿಲ್ಲ. 1946ರಲ್ಲಿ ಶುರುವಾದ ಮೈಸೂರಿನ ಕಾಲೇಜು, 1958ರ ಪುತ್ತೂರಿನ ಕಾಲೇಜು ಇಂದಿಗೂ ಆಕೆಯ ಹೆಸರಿನವೇ. ಕನ್ನಡ ಕಥೋಲಿಕ ಮನೆಗಳಲ್ಲಿ ಫಿಲೋಮಿನಾ ಎಂಬ ಅಜ್ಜಿಯರು, ಅತ್ತೆಯರು ಬೇಕಾದಷ್ಟಿದ್ದಾರೆ.

ರೋಮಿನ ಹುಡುಗಿಯ ಕತೆಯನ್ನು ಯಾರೂ ದಾಖಲೆಯಿಂದ ಸಾಬೀತು ಮಾಡಲಾರರು. ಆದರೆ ಆಕೆಯನ್ನು ನಂಬಿದವರ ಕತೆ ಊರು, ಇಸವಿ, ತಾರೀಖಿನ ಸಮೇತ ಗಟ್ಟಿಯಾಗಿದೆ: ಅಧಿಕಾರವಿಲ್ಲದ ಅರಸ ಕಟ್ಟಿಸಿದ ಚರ್ಚು, ಅರಮನೆಯ ಕಾರ್ಯದರ್ಶಿ ತಂದ ಅವಶೇಷ, ಫ್ರೆಂಚ್ ಗುರುವಿನ ಹಟ, ಬೇರೆ ಧರ್ಮದ ಮಹಾರಾಜ ಇಟ್ಟ ಅಡಿಗಲ್ಲು. ಮೈಸೂರಿನ ಮಟ್ಟಿಗೆ ಫಿಲೋಮಿನಾ ಚರಿತ್ರೆಯೆಂದರೆ ಇವರೆಲ್ಲರ ಚರಿತ್ರೆ. ಅದನ್ನು ಪಂಚಾಂಗದಿಂದ ತೆಗೆಯಲು ಬರುವುದಿಲ್ಲ.

ಹೋಗುವವರಿಗೆ: ಚರ್ಚು ಇರುವುದು ಮೈಸೂರಿನ ಅಶೋಕ ರಸ್ತೆಯಲ್ಲಿ. ಸಂತ ಫಿಲೋಮಿನಾ ಹಬ್ಬ ಆಗಸ್ಟ್ 11. ಗೋಪುರ ನೋಡಿ ಹಾಗೇ ಮರಳಬೇಡಿ, ನೆಲಮಾಳಿಗೆಗೂ ಇಳಿಯಿರಿ. ಬಲಿಪೂಜೆಯ ಹೊತ್ತಾದರೆ ಮುಗಿಯುವ ತನಕ ಕಾಯಿರಿ.