ಒಂದೇ ಕಾವೇರಿ, ನಾಲ್ಕು ಆಡಳಿತ

ಕಾವೇರಿ ಕಣಿವೆಯಲ್ಲಿ ನೀರು, ವಿದ್ಯುತ್, ಬೆಳೆ, ಕಾಡು ಒಂದಕ್ಕೊಂದು ಹೆಣೆದುಕೊಂಡಿವೆ. 1902ರಲ್ಲಿ ಕಾವೇರಿಯ ಶಿವನಸಮುದ್ರ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗಲೂ ಉತ್ಪಾದನೆ ನಿಲ್ಲದಿರಲಿ ಎಂಬುದು 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟಿನ ಒಂದು ಉದ್ದೇಶ; ಮಂಡ್ಯ ಸೀಮೆಯ ನೀರಾವರಿ ಇನ್ನೊಂದು. ಕೆಳದಂಡೆಯ ಮದ್ರಾಸ್ ಪ್ರಾಂತ್ಯ ಎತ್ತಿದ ತಕರಾರು 1924ರ ಒಪ್ಪಂದದವರೆಗೆ ಎಳೆಯಿತು.

ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚುವ ಸಂವಿಧಾನದ 7ನೇ ಅನುಸೂಚಿಯಲ್ಲಿ ಈ ನಾಲ್ಕೂ ಬೇರೆ ಬೇರೆ ಕಡೆ ಕುಳಿತಿವೆ. ನೀರು, ಕೃಷಿ ರಾಜ್ಯಪಟ್ಟಿಯಲ್ಲಿವೆ. ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರಪಟ್ಟಿಯಲ್ಲಿದೆ. ವಿದ್ಯುತ್ ಸಮವರ್ತಿ ಪಟ್ಟಿಯಲ್ಲಿದೆ. ಅರಣ್ಯವೂ 1976ರ 42ನೇ ತಿದ್ದುಪಡಿಯಿಂದ ಅಲ್ಲಿಗೇ ಸೇರಿತು. ನದಿ ಕಣಿವೆಗಳ ಸಮಗ್ರ ಅಭಿವೃದ್ಧಿಗೆಂದು 1956ರಲ್ಲಿ ನದಿ ಮಂಡಳಿ ಕಾಯ್ದೆ ಬಂದರೂ ಅದರಡಿ ಒಂದು ಮಂಡಳಿಯೂ ರಚನೆಯಾಗಲಿಲ್ಲ. ಅದೇ ವರ್ಷದ ಜಲವಿವಾದ ಕಾಯ್ದೆ ಮಾತ್ರ ಮತ್ತೆ ಮತ್ತೆ ಬಳಕೆಗೆ ಬಂತು.

ಆ ಕಾಯ್ದೆಯಡಿ ರಚನೆಯಾದ ಕಾವೇರಿ ನ್ಯಾಯಮಂಡಳಿ 2007ರಲ್ಲಿ 740 ಟಿಎಂಸಿ ಅಡಿ ನೀರನ್ನು ಹಂಚಿತು. ಪರಿಸರಕ್ಕೆ ಮೀಸಲಾದದ್ದು ಬರೀ 10 ಟಿಎಂಸಿ. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿ, ತಮಿಳುನಾಡಿನ ಪಾಲನ್ನು 404.25ಕ್ಕೆ ಇಳಿಸಿತು. ಹೆಚ್ಚುವರಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಉಳಿದ 10 ಟಿಎಂಸಿಗೆ ಆಧಾರವಾದದ್ದು ತಮಿಳುನಾಡಿನ ಅಂತರ್ಜಲ. ನೆಲದಡಿಯ ನೀರೂ ಹೀಗೆ ಹಂಚಿಕೆಯ ಲೆಕ್ಕಕ್ಕೆ ಬಂತು.

ಅಂತರ್ಜಲದ ಕೀಲಿ ಇರುವುದು ವಿದ್ಯುತ್ತಿನಲ್ಲಿ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ತಮಿಳುನಾಡಿನಲ್ಲೂ ರೈತರಿಗೆ ಬಿಲ್ಲಿಲ್ಲ. ತ್ರೀ ಫೇಸ್ ಕರೆಂಟು ಯಾವಾಗ ಬರುವುದೋ ಎಂದು ರೈತ ಮೋಟರಿಗೆ ಆಟೋ ಸ್ಟಾರ್ಟರ್ ಜೋಡಿಸುತ್ತಾನೆ. ನಡುರಾತ್ರಿ ಕರೆಂಟು ಬಂದರೆ, ಪೈರಿಗೆ ಬೇಕಿರಲಿ ಬಿಡಲಿ, ನೀರು ಗದ್ದೆಗೆ ಬೀಳುತ್ತದೆ. ಕೊಳವೆಬಾವಿ ಆಳವಾದಷ್ಟೂ ಒಂದೊಂದು ಲೀಟರಿಗೆ ತಗಲುವ ವಿದ್ಯುತ್ ಹೆಚ್ಚುತ್ತದೆ. ಅಂತರ್ಜಲ ಕುಸಿದಲ್ಲಿ ಹಳ್ಳಗಳ ಬೇಸಿಗೆ ಹರಿವೂ ಬತ್ತುತ್ತದೆ.

2018ರಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಮುಖ್ಯ ಕೆಲಸ ಜಲಾಶಯಗಳ ಸಂಗ್ರಹ ಮತ್ತು ಬಿಡುಗಡೆಯ ಉಸ್ತುವಾರಿ. ಹನಿ ನೀರಾವರಿ, ಬೆಳೆ ಬದಲಾವಣೆ ಕುರಿತು ಅದು ಸಲಹೆ ಕೊಡಬಹುದು. ವಿದ್ಯುತ್ ದರ, ಬೆಂಬಲ ಬೆಲೆ, ಕಾವೇರಿ ಹುಟ್ಟುವ ಕೊಡಗಿನ ಕಾಡು ಅದರ ಕೈಯಲ್ಲಿಲ್ಲ. ಪಂಪ್‌ಸೆಟ್‌ಗೆ ಪ್ರತ್ಯೇಕ ಫೀಡರ್, ಸೌರ ಪಂಪಿನ ಮಿಕ್ಕ ವಿದ್ಯುತ್ತನ್ನು ರೈತರಿಂದ ಕೊಳ್ಳುವುದು, ಭತ್ತ ಕಬ್ಬಿನ ಬದಲು ರಾಗಿಗೆ ಖಚಿತ ಖರೀದಿ: ಈ ಪರಿಹಾರಗಳಲ್ಲಿ ಯಾವುದೂ ಒಂದೇ ಇಲಾಖೆಯಿಂದ ಆಗುವಂಥದ್ದಲ್ಲ. ಸಮಗ್ರ ಆಡಳಿತಕ್ಕೆ ರಾಜ್ಯಗಳ ಅಧಿಕಾರ ಕಸಿಯಬೇಕಾಗಿಲ್ಲ. ಇಡೀ ಕಣಿವೆಯ ನೀರು, ವಿದ್ಯುತ್, ಬೆಳೆಯ ಲೆಕ್ಕವನ್ನು ಕೇಂದ್ರ ಮತ್ತು ರಾಜ್ಯಗಳು ಒಟ್ಟಿಗೆ ಕೂತು ಹಾಕಿದರೆ ಸಾಕು.