ಎಸ್‌.ಪಿ. ರಸ್ತೆಯಲ್ಲಿ ಹೇಳಿ ಮಾಡಿಸಿದ ಕಂಪ್ಯೂಟರ್‌

ಬೆಂಗಳೂರಿನ ಟೌನ್‌ಹಾಲ್‌ ದಾಟಿ ಎಸ್‌.ಜೆ.ಪಿ. ರಸ್ತೆ ಹಿಡಿದು ಕೆ.ಆರ್‌. ಮಾರುಕಟ್ಟೆಯ ಕಡೆಗೆ ನಡೆದರೆ ಬಲಗಡೆಗೆ ಇಕ್ಕಟ್ಟಾದ ಬೀದಿಯೊಂದು ಒಳಹೋಗುತ್ತದೆ. ಅದೇ ಎಸ್‌.ಪಿ. ರಸ್ತೆ. ಬೆಳಿಗ್ಗೆ ಹತ್ತೂವರೆಗೆ ನಾನು ಅಲ್ಲಿಗೆ ಹೋದಾಗ ಷಟರ್‌ಗಳು ಒಂದೊಂದಾಗಿ ಮೇಲೇರುತ್ತಿದ್ದವು. ದೇವರ ಪಟದ ಮುಂದೆ ಊದುಬತ್ತಿ, ಹೊಸಿಲಿಗೆ ನೀರು. ಮಾನಿಟರ್‌ ಪೆಟ್ಟಿಗೆಗಳನ್ನು ಎದೆಯೆತ್ತರಕ್ಕೆ ಪೇರಿಸಿಕೊಂಡ ಸ್ಕೂಟರೊಂದು ನಿಧಾನವಾಗಿ ದಾರಿ ಮಾಡಿಕೊಂಡು ಹೋಯಿತು. ನೆಲಮಹಡಿಯಲ್ಲಿ ವೈರು, ಅಡಾಪ್ಟರು, ಕ್ಯಾಮೆರಾಗಳ ಅಂಗಡಿಗಳು. ಕಂಪ್ಯೂಟರ್‌ ಜೋಡಿಸುವವರು ಹೆಚ್ಚಾಗಿ ಮೇಲಿದ್ದಾರೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದಂಥ ಮೆಟ್ಟಿಲು ಹತ್ತಬೇಕು.

ನಾನು ಹೋದ ಅಂಗಡಿ ಒಂದು ಸಣ್ಣ ಕೋಣೆಯಷ್ಟೇ. ನನಗಿಂತ ಮೊದಲೇ ತುಮಕೂರಿನಿಂದ ಬಂದ ಅಪ್ಪ, ಮಗಳು ಸ್ಟೂಲಿನ ಮೇಲೆ ಕೂತಿದ್ದರು. ಅಂಗಡಿಯವರು ಯಾವ ಮಾಡೆಲ್‌ ಬೇಕೆಂದು ಕೇಳಲಿಲ್ಲ. ‘ಏನ್‌ ಓದ್ತಿದೀಯಮ್ಮಾ?’ ಎಂದು ಶುರು ಮಾಡಿದರು.

‘ಆರ್ಕಿಟೆಕ್ಚರ್‌, ಎರಡನೇ ವರ್ಷ.’

‘ಬಜೆಟ್‌ ಎಷ್ಟು ಇಟ್ಕೊಂಡಿದೀರ ಸಾರ್‌?’

ಅಪ್ಪ ಹೇಳಿದರು. ಹುಡುಗಿ ತನ್ನ ಮೊಬೈಲಿನಲ್ಲಿದ್ದ ಚಿತ್ರ ತೋರಿಸಿದಳು. ಗಾಜಿನ ಕ್ಯಾಬಿನೆಟ್‌, ಒಳಗೆ ಬಣ್ಣಬಣ್ಣದ ದೀಪ. ಅವರು ಅದನ್ನು ನೋಡಿ, ‘ಲೈಟಿಂದ ಡ್ರಾಯಿಂಗ್‌ ಬೇಗ ಆಗಲ್ಲಮ್ಮಾ. ಆ ದುಡ್ಡನ್ನ ಗ್ರಾಫಿಕ್ಸ್‌ ಕಾರ್ಡಿಗೆ ಹಾಕೋಣ’ ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, ವಿದ್ಯುತ್‌ ಹಂಚುವ ಪೆಟ್ಟಿಗೆಯ ಬಗ್ಗೆ, ‘ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿಸೋಕ್‌ ಹೋಗ್ಬೇಡಿ ಸಾರ್‌. ಅದು ಹೋದ್ರೆ ಒಂದೇ ಹೋಗಲ್ಲ, ಪಕ್ಕದಲ್ಲಿರೋದನ್ನೂ ಕರ್ಕೊಂಡು ಹೋಗುತ್ತೆ’ ಎಂದರು.

ಇಂಥ ಮಾತಿಗಾಗಿಯೇ ನಾನು ಈ ಬೀದಿಯನ್ನು ಪ್ರೀತಿಸುವುದು. ಷೋರೂಮಿನಲ್ಲಿ ಯಂತ್ರ ಮೊದಲೇ ತಯಾರಾಗಿ ಕೂತಿರುತ್ತದೆ, ನಮ್ಮ ಕೆಲಸವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಇಲ್ಲಿ ದರ್ಜಿ ಅಳತೆ ತೆಗೆದುಕೊಳ್ಳುವಂತೆ ಮೊದಲು ಅಗತ್ಯ ಕೇಳುತ್ತಾರೆ, ಬಟ್ಟೆಗೆ ಕತ್ತರಿ ಬೀಳುವುದು ಆಮೇಲೆ.

ಕೊಟೇಷನ್‌ ಒಂದೇ ಹಾಳೆ: ಪ್ರೊಸೆಸರ್‌, ಮದರ್‌ಬೋರ್ಡ್‌, ರ‍್ಯಾಮ್‌, ಎಸ್‌ಎಸ್‌ಡಿ, ಕಾರ್ಡ್‌, ಎಸ್‌ಎಂಪಿಎಸ್‌, ಕ್ಯಾಬಿನೆಟ್‌. ಪ್ರತಿಯೊಂದರ ಮುಂದೆ ದರ, ಕೆಳಗೆ ಶೇಕಡಾ 18 ಜಿಎಸ್‌ಟಿ. ‘ಇವತ್ತಿನ ರೇಟು ಇವತ್ತಿಗೆ ಮಾತ್ರ’ ಎಂದು ಬಾಯಲ್ಲೇ ಹೇಳಿದರು. ಅಡ್ವಾನ್ಸ್‌ ಕೈಗೆ ಬಂದ ಮೇಲೆ ಹುಡುಗನೊಬ್ಬ ಚೀಟಿ ಹಿಡಿದು ಮೆಟ್ಟಿಲಿಳಿದು ಓಡಿದ. ಕೇಳಿದ ಮದರ್‌ಬೋರ್ಡ್‌ ಅಂಗಡಿಯಲ್ಲಿ ಇರಲೇ ಇಲ್ಲ. ಎರಡು ಕಟ್ಟಡ ಆಚೆಯ ಸಗಟು ವ್ಯಾಪಾರಿಯ ಬಳಿ ಇತ್ತು. ಹತ್ತು ನಿಮಿಷಕ್ಕೆ ಬಂತು. ಇಷ್ಟು ಸಣ್ಣ ಅಂಗಡಿ ಹೇಗೆ ನಡೆಯುತ್ತದೆ ಎಂಬುದು ಆಗ ಅರ್ಥವಾಯಿತು: ಇಡೀ ಬೀದಿಯೇ ಅದರ ಗೋದಾಮು.

ಇದೇ ಲೆಕ್ಕಾಚಾರವನ್ನು ಅಮೆರಿಕದಲ್ಲಿ ಒಬ್ಬ ಹುಡುಗ ಜಗತ್ತಿನ ಮಟ್ಟಕ್ಕೆ ಒಯ್ದ. 1984ರಲ್ಲಿ, 19 ವರ್ಷದ ಮೈಕೆಲ್‌ ಡೆಲ್‌ ಆಸ್ಟಿನ್ನಿನ ಟೆಕ್ಸಾಸ್‌ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ 1,000 ಡಾಲರ್‌ ಹಾಕಿ ಕಂಪನಿ ಕಟ್ಟಿದರು. ಆಗ ಅದರ ಹೆಸರು ಪಿಸೀಸ್‌ ಲಿಮಿಟೆಡ್‌. ಐಬಿಎಂ 1981ರಲ್ಲಿ ತನ್ನ ಪಿಸಿಯನ್ನು ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಮಾಡಿದ್ದರಿಂದ ಬೇರೆಯವರಿಗೂ ಜೋಡಿಸುವ ದಾರಿ ತೆರೆದಿತ್ತು. ಡೆಲ್‌ ನಡುವಿನ ಅಂಗಡಿಯನ್ನು ಬಿಟ್ಟು, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಫೋನಿನಲ್ಲಿ ಆರ್ಡರ್‌ ಪಡೆದು, ಕೇಳಿದಂತೆ ಜೋಡಿಸಿ ಮನೆಗೆ ಕಳಿಸಿದರು. 1996ರಲ್ಲಿ ಇಂಟರ್‌ನೆಟ್ಟಿನಲ್ಲೂ ಮಾರಾಟ ಶುರುವಾಯಿತು. 1990ರ ದಶಕದ ಕೊನೆಗೆ ಕಂಪನಿಯ ಬಳಿ ಇರುತ್ತಿದ್ದ ದಾಸ್ತಾನು ಸುಮಾರು ಒಂದು ವಾರದ್ದು ಮಾತ್ರ. ಭಾಗ ಪೂರೈಸುವವರು ಕಾರ್ಖಾನೆಯ ಹತ್ತಿರದಲ್ಲೇ ಸರಕು ಇಟ್ಟುಕೊಂಡು ಕರೆದಾಗ ತಂದುಕೊಡುತ್ತಿದ್ದರು. ಗಿರಾಕಿಯ ಹಣ ಮೊದಲು ಬರುತ್ತಿತ್ತು, ಪೂರೈಸಿದವರಿಗೆ ಪಾವತಿ ಆಮೇಲೆ. 2001ರಲ್ಲಿ ಡೆಲ್‌ ಜಗತ್ತಿನ ಅತಿ ದೊಡ್ಡ ಪಿಸಿ ಮಾರಾಟಗಾರ ಆಯಿತು.

ದಾಸ್ತಾನು ಇಷ್ಟು ಕಡಿಮೆ ಇಡುವುದರ ಗುಟ್ಟು ತಿಳಿಯಲು ಇಲ್ಲಿಂದ ನಡೆದುಹೋಗುವಷ್ಟು ದೂರದ ಕೆ.ಆರ್‌. ಮಾರುಕಟ್ಟೆಯ ಹೂವಿನವರನ್ನು ಕೇಳಿದರೆ ಸಾಕು. ಬೆಳಗಿನ ಸೇವಂತಿಗೆ ಸಂಜೆಗೆ ಅದೇ ಬೆಲೆ ಇರುವುದಿಲ್ಲ. ಹೊಸ ಪೀಳಿಗೆಯ ಚಿಪ್‌ ಬಂದ ದಿನ ಕಪಾಟಿನಲ್ಲಿರುವ ಹಳೆಯದೂ ಬಾಡುತ್ತದೆ.

ಅಷ್ಟರಲ್ಲಿ ಜೋಡಣೆ ಶುರುವಾಗಿತ್ತು. ಕೂತಿದ್ದ ಯುವಕನಿಗೆ ಇಪ್ಪತ್ತೆರಡು ಇರಬಹುದು. ಪ್ರೊಸೆಸರಿನ ಮೂಲೆಯ ಪುಟ್ಟ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ, ಒತ್ತದೆ ಹಾಗೇ ಇಳಿಸಿದ. ಲಿವರ್‌ ಹಾಕಿದ. ಬಟಾಣಿ ಕಾಳಿನಷ್ಟು ಥರ್ಮಲ್‌ ಪೇಸ್ಟ್‌, ಅದರ ಮೇಲೆ ಕೂಲರ್‌. ರ‍್ಯಾಮ್‌ ಎರಡೂ ತುದಿಯಲ್ಲಿ ‘ಟಕ್‌’ ಎನ್ನುವವರೆಗೆ ಒತ್ತಿದ. ಕ್ಯಾಬಿನೆಟ್ಟಿಗೆ ಸೇರಿಸುವ ಮೊದಲು ಬೋರ್ಡನ್ನು ಅದರ ರಟ್ಟಿನ ಡಬ್ಬದ ಮೇಲೇ ಇಟ್ಟು ಒಮ್ಮೆ ಆನ್‌ ಮಾಡಿ ನೋಡಿದ. ತೊಂದರೆಯಿದ್ದರೆ ಎಲ್ಲವನ್ನೂ ತಿರುಗಿ ಬಿಚ್ಚುವುದು ತಪ್ಪುತ್ತದೆ. ಯಾವುದೋ ಕಂಪನಿಯ ಬೋರ್ಡಿನ ತೂತುಗಳು ಬೇರೊಂದು ಕಂಪನಿಯ ಕ್ಯಾಬಿನೆಟ್ಟಿನ ಸ್ಕ್ರೂಗಳಿಗೆ ಕೂದಲೆಳೆಯಷ್ಟೂ ತಪ್ಪದೆ ಕೂತವು. 1995ರಲ್ಲಿ ಇಂಟೆಲ್‌ ರೂಪಿಸಿದ ಎಟಿಎಕ್ಸ್‌ ಎಂಬ ಅಳತೆ ಇವತ್ತಿಗೂ ಈ ಬೀದಿಯ ಅನ್ನಕ್ಕೆ ಆಧಾರ. ಎಲ್ಲರೂ ಒಪ್ಪಿದ ಒಂದು ಅಳತೆ ಇದ್ದರೆ ಸಣ್ಣವರೂ ಬದುಕಬಹುದು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಕೊನೆಗೆ ವೈರುಗಳು. ಹಿಂಬದಿಯಿಂದ ಎಳೆದು, ಟ್ಯಾಗ್‌ ಕಟ್ಟಿ, ಜಡೆ ಹೆಣೆದಂತೆ ಒಪ್ಪ ಮಾಡಿದ. ಮುಚ್ಚಳ ಮುಚ್ಚಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಆದರೂ ಆತ ಅವಸರ ಮಾಡಲಿಲ್ಲ.

ಈ ಬೀದಿಗೆ ಕಷ್ಟ ಇಲ್ಲವೆಂದಲ್ಲ. ಹೇಳಿ ಮಾಡಿಸುವ ವ್ಯಾಪಾರದಲ್ಲಿ ಗೆದ್ದ ಡೆಲ್‌ ದಾರಿಯೇ ಲ್ಯಾಪ್‌ಟಾಪ್‌ ಬಂದ ಮೇಲೆ ಬದಲಾಯಿತು. ಕೈಯಲ್ಲಿ ಹಿಡಿದು ನೋಡಬೇಕೆನ್ನುವ ಗಿರಾಕಿಗಾಗಿ 2007ರಲ್ಲಿ ಅದು ವಾಲ್‌ಮಾರ್ಟ್‌ ಅಂಗಡಿಗಳಿಗೂ ಸರಕು ಕೊಟ್ಟಿತು. ಅದೇ ವರ್ಷ ಚೆನ್ನೈ ಬಳಿಯ ಶ್ರೀಪೆರುಂಬುದೂರಿನಲ್ಲಿ ಕಾರ್ಖಾನೆ ತೆರೆಯಿತು. ಅಮೆರಿಕದಲ್ಲಿದ್ದ ಅದರ ಡೆಸ್ಕ್‌ಟಾಪ್‌ ಕಾರ್ಖಾನೆಗಳು ಮುಂದಿನ ವರ್ಷಗಳಲ್ಲಿ ಮುಚ್ಚಿದವು. ಈಗಿನ ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಂಥದ್ದನ್ನು ಈ ಯುವಕನ ಮುಂದಿಟ್ಟರೂ ಸುಲಭಕ್ಕೆ ಬದಲಿಸಲಾರ. ಆದರೂ ಗೇಮ್‌ ಆಡುವವರು, ವಿಡಿಯೋ ಎಡಿಟ್‌ ಮಾಡುವವರು, ಡಿಸೈನ್‌ ಓದುವ ಮಕ್ಕಳು ಇನ್ನೂ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ. ನಾಲ್ಕು ವರ್ಷ ಬಿಟ್ಟು ರ‍್ಯಾಮ್‌ ಸಾಲದಾದರೆ ಅದೊಂದನ್ನೇ ಹಾಕಿಸಿಕೊಳ್ಳುವ ಅನುಕೂಲ ಅವರಿಗೆ ಬೇಕು.

ಒಂದೂವರೆ ಗಂಟೆಗೆ ಯಂತ್ರ ಸಿದ್ಧವಾಯಿತು. ಫ್ಯಾನ್‌ ತಿರುಗಿ ಪರದೆಯ ಮೇಲೆ ಅಕ್ಷರ ಮೂಡಿದಾಗ ಹುಡುಗಿ ಸ್ಟೂಲಿನಿಂದ ಎದ್ದು ನಿಂತಳು. ‘ಒಳಗೆ ಏನೇನಿದೆ ಅಂತ ಈಗ ಗೊತ್ತಾಯ್ತಲ್ಲಪ್ಪಾ’ ಎಂದಳು. ಅಪ್ಪ ತಲೆಯಾಡಿಸಿ ಪೆಟ್ಟಿಗೆಗೆ ಹಗ್ಗ ಬಿಗಿಯತೊಡಗಿದರು.

ನೀವೂ ಹೋಗುವುದಾದರೆ ಯಾವ ಕೆಲಸಕ್ಕೆ ಬೇಕು, ಎಷ್ಟು ಹಣವಿದೆ ಎಂಬುದನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಎರಡು ಮೂರು ಅಂಗಡಿಗಳಲ್ಲಿ ಕೊಟೇಷನ್‌ ಕೇಳಿ. ವಾರಂಟಿ ಇಡೀ ಯಂತ್ರಕ್ಕೆ ಒಂದೇ ಅಲ್ಲ, ಭಾಗಭಾಗಕ್ಕೆ ಬೇರೆ. ಆದ್ದರಿಂದ ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್‌ ನಂಬರ್‌ ಬರೆಸಿಕೊಳ್ಳಿ, ಖಾಲಿ ಡಬ್ಬಗಳನ್ನೂ ಕೇಳಿ ತನ್ನಿ. ಬೆಳಿಗ್ಗೆ ಬೇಗ ಹೋದರೆ ಸಮಾಧಾನವಾಗಿ ಮಾತಾಡಿಸುತ್ತಾರೆ. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ.