ಅಂಜಿಕೆಯನ್ನೂ ಡಾಕ್ಟರರ ಮುಂದಿಡಿ

ತೂಕ ಇಳಿಸುವ ಆಪರೇಷನ್ನಿಗೆ ದಿನಾಂಕ ಗೊತ್ತಾದ ಮೇಲೆ ಮನೆಗೆ ಬಂದವರೆಲ್ಲ ನನಗೆ ಹೇಳಿದ್ದು ಒಂದೇ ಮಾತು: "ಅಂಜಬ್ಯಾಡ್ರಿ ಬಾಯಾರ." ಸೊಲ್ಲಾಪುರದ ಕಡೆಯ ಗಡಿಯೂರು ನಾಗಣಸೂರಿನಲ್ಲಿ ಕನ್ನಡ ಶಾಲೆಯ ಶಿಕ್ಷಕಿಯಾದ ನನ್ನನ್ನು ಊರವರು ಕರೆಯುವುದೇ ಹಾಗೆ. ಪ್ರೀತಿಯಿಂದಲೇ ಹೇಳಿದರು. ಆದರೆ ಅಂಜಬೇಡ ಅಂದಮಾತ್ರಕ್ಕೆ ಯಾರ ಅಂಜಿಕೆಯೂ ಹೋದದ್ದನ್ನು ನಾನು ಕಂಡಿಲ್ಲ. ಅದಕ್ಕೆ ಬೇರೆಯದೇ ಉಪಾಯ ಬೇಕು.

ನನ್ನ ಎತ್ತರ 155 ಸೆಂಟಿಮೀಟರ್, ಆಗಿನ ತೂಕ 98 ಕಿಲೊ. ಎತ್ತರಕ್ಕೆ ತೂಕ ಎಷ್ಟೆಂದು ಅಳೆಯುವ ಬಿಎಂಐ 40 ದಾಟಿತ್ತು. ಜೊತೆಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು, ನಿದ್ದೆಯಲ್ಲಿ ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ. ಬಿಎಂಐ 35 ದಾಟಿದವರಿಗೆ ಈ ಶಸ್ತ್ರಚಿಕಿತ್ಸೆ ಸೂಚಿಸಬಹುದೆಂದು ಅಂತರರಾಷ್ಟ್ರೀಯ ತಜ್ಞರ ಸಂಘಗಳು 2022ರಲ್ಲಿ ಹೇಳಿವೆ. ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವ ನಮ್ಮ ಏಷ್ಯಾದವರಿಗೆ ಆ ಗೆರೆ ಇನ್ನೂ ಕೆಳಗೆ, 27.5ಕ್ಕೆ ಇದೆ. ನನಗೆ ಹೇಳಿದ್ದು ಸ್ಲೀವ್ ಎಂಬ ವಿಧಾನ. ಹೊಟ್ಟೆಯ ಮೇಲೆ ಸಣ್ಣ ತೂತುಗಳನ್ನು ಮಾಡಿ, ದುರ್ಬೀನಿನ ಸಹಾಯದಿಂದ ಜಠರದ ಮುಕ್ಕಾಲು ಪಾಲಿನಷ್ಟನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಾಕಾರದ ಒಂದು ಚೀಲ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕುವ ಭಾಗದಲ್ಲೇ. ಹಾಗಾಗಿ ತಿನ್ನುವ ಅಳತೆಯ ಜೊತೆಗೆ ಹಸಿವೂ ತಗ್ಗುತ್ತದೆ.

ಮನೆಯಲ್ಲಿ ಮೊದಲು ಗಾಬರಿಯಾದವರು ನಮ್ಮ ವೈನಿ. "ಆ ಸೀರಿಯಲ್ ಹುಡುಗಿ ಹಿಂಗ ಮಾಡ್ಸ್ಕೊಳ್ಳಾಕ ಹೋಗೇ ಸತ್ಲಲ್ಲ" ಅಂದರು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ 21 ವರ್ಷದ ನಟಿ ಚೇತನಾ ರಾಜ್ ಅವರ ಸುದ್ದಿ ಕನ್ನಡ ಮನೆಗಳಲ್ಲಿ ಇನ್ನೂ ಮಾಸಿಲ್ಲ. ಆ ಹುಡುಗಿ ಮಾಡಿಸಿಕೊಂಡದ್ದು ಕೊಬ್ಬು ತೆಗೆಯುವ ಪ್ಲಾಸ್ಟಿಕ್ ಸರ್ಜರಿ. ಅದು ಮೈಯ ಆಕಾರಕ್ಕಾಗಿ ಮಾಡುವಂಥದ್ದು. ಜಠರದ ಶಸ್ತ್ರಚಿಕಿತ್ಸೆಯ ಉದ್ದೇಶ ಬೇರೆ, ವಿಧಾನ ಬೇರೆ, ಅಪಾಯಗಳೂ ಬೇರೆ. ಅಪಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಹೊಲಿಗೆಯ ಜಾಗದಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಇವೆಲ್ಲ ಆಗಬಹುದು. ಆದರೆ ನುರಿತ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ಸಾವಿರಕ್ಕೆ ಒಂದರ ಆಸುಪಾಸು, ಪಿತ್ತಕೋಶ ತೆಗೆಸುವ ಆಪರೇಷನ್ನಿನಷ್ಟೇ. ಅಂಕಿ ಕೇಳಿದ ಮೇಲೆ ವೈನಿ ಸುಮ್ಮನಾದರು. ನನಗೂ ಉಸಿರು ಬಂದಂತಾಯಿತು.

ಅಲ್ಲಿಂದ ನಾನು ಹಿಡಿದ ದಾರಿ ಇಷ್ಟೇ: ಶಾಲೆಯ ಹಳೆಯ ನೋಟುಬುಕ್ಕಿನಲ್ಲಿ ಅಂಜಿಕೆಗಳನ್ನು ಬರೆದು, ಪ್ರತಿಯೊಂದರ ಎದುರಿಗೆ ಇದಕ್ಕೆ ಉತ್ತರ ಕೊಡಬೇಕಾದವರು ಯಾರು ಎಂದು ಗುರುತು ಹಾಕಿದೆ. ನನ್ನ ದೊಡ್ಡ ಭಯ, ಆಪರೇಷನ್ ನಡೆದಿರುವಾಗಲೇ ಎಚ್ಚರವಾದರೆ ಎಂಬುದು. ಅದನ್ನು ಕೇಳಬೇಕಾದದ್ದು ಸರ್ಜನ್ನರನ್ನಲ್ಲ, ಅರಿವಳಿಕೆ ಕೊಡುವ ಡಾಕ್ಟರರನ್ನು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ ಅಂಥ ದೂರು ಬಂದದ್ದು ಸುಮಾರು 19,000 ಅರಿವಳಿಕೆಗಳಿಗೆ ಒಂದು. ಗೊರಕೆಯ ತೊಂದರೆಯನ್ನು ಅರಿವಳಿಕೆ ಡಾಕ್ಟರರ ಮುಂದೆ ಮುಚ್ಚಿಡಲೇಬಾರದು. ಆಪರೇಷನ್ ಮುಗಿದ ಮೇಲೆ ಉಸಿರಾಟದ ಮೇಲೆ ಎಷ್ಟು ಹೊತ್ತು, ಹೇಗೆ ಕಣ್ಣಿಡಬೇಕೆಂದು ಅವರು ನಿರ್ಧರಿಸುವುದು ಅದರ ಮೇಲೆಯೇ. ನಾವು ಹೋಗುವ ಸೊಲ್ಲಾಪುರದ ದವಾಖಾನೆಗಳಲ್ಲಿ ಕಾಗದಪತ್ರ ಮರಾಠಿ, ಇಂಗ್ಲಿಷಿನಲ್ಲಿರುತ್ತದೆ. ನಮ್ಮ ಗಡಿಯವರಿಗೆ ಮರಾಠಿ ಬರುತ್ತದೆ, ನಿಜ. ಆದರೆ ಭಯವಾದಾಗ ಬಾಯಿಗೆ ಬರುವುದು ಅವ್ವನ ಮಾತೇ. "ಕನ್ನಡದಾಗ ಹೇಳ್ತೀರೇನ್ರಿ ಸರ?" ಎಂದು ಕೇಳಲು ಸಂಕೋಚ ಬೇಡ. ಆ ಊರಿನ ದವಾಖಾನೆಗಳಲ್ಲಿ ಕನ್ನಡ ಬಲ್ಲವರಿಗೆ ಕೊರತೆಯಿಲ್ಲ.

ಆಪರೇಷನ್ನಿಗೆ ಮುಂಚೆ ಸಾಮಾನ್ಯವಾಗಿ ಎರಡು ವಾರ ಕಡಿಮೆ ಕ್ಯಾಲೊರಿಯ, ಬಹುಪಾಲು ದ್ರವದ ಆಹಾರ ಹೇಳುತ್ತಾರೆ. ಜಠರದ ಮೇಲೆ ಯಕೃತ್ತಿನ ಎಡಭಾಗ ಕುಳಿತಿರುತ್ತದೆ. ಕೊಬ್ಬು ತುಂಬಿ ಊದಿಕೊಂಡ ಯಕೃತ್ತು ಸರ್ಜನ್ನರಿಗೆ ಅಡ್ಡ ಬರುತ್ತದೆ. ಎರಡು ವಾರದ ಪಥ್ಯಕ್ಕೆ ಅದು ಕುಗ್ಗುತ್ತದೆ. ಆದರೆ ನಮ್ಮ ಕಡೆ ಬಂಧುಗಳು ಕರೆಯುವುದು ಅದೇ ಹೊತ್ತಿಗೆ: "ಮುಂದ ತಿನ್ನಾಕ ಆಗೂದಿಲ್ಲ, ಈಗ ಒಂದ್ಸಲ ಹೊಟ್ಟಿ ತುಂಬ ಉಂಡು ಹೋಗು." ಅಕ್ಕಲಕೋಟೆಗೆ ಹೋಗಿ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರದಲ್ಲಿ ಕೈಮುಗಿದು, ಅನ್ನಛತ್ರದ ಊಟ ಬಿಟ್ಟು, ಬಾಟಲಿಯಲ್ಲಿ ಒಯ್ದಿದ್ದ ಮಜ್ಜಿಗೆ ಕುಡಿದು ಬಂದೆ. ಮನೆಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಎದುರಿಗಿದ್ದಾಗ ತಡೆದುಕೊಳ್ಳುವುದೇ ಹೆಚ್ಚು ಕಷ್ಟವಾಗಿತ್ತು. ಮೊದಲ ಕೆಲವು ದಿನ ತಲೆನೋವು, ಸಿಡುಕು ಸಹಜ.

ಈ ಪಥ್ಯದ ದಿನಗಳಲ್ಲಿ ಒಂದು ವಿಷಯ ಗೊತ್ತಿರಲೇಬೇಕು. ಒಂದು ರಾತ್ರಿ ಎದೆ ಡವಡವ, ಮೈಯೆಲ್ಲ ಬೆವರು, ಕೈ ನಡುಕ. ಅಂಜಿಕೆಯೇ ಇಷ್ಟು ಮಾಡುತ್ತಿದೆ ಅಂದುಕೊಳ್ಳುವುದು ಸುಲಭವಿತ್ತು. ಮನೆಯವರು ಬೆರಳು ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಿದರು: 62. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ದೇಹ ತೋರಿಸುವ ಲಕ್ಷಣಗಳೂ ಗಾಬರಿಯ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಾಗ ಸರಿಹೋಗಿತ್ತು. ಬೆಳಿಗ್ಗೆ ಡಾಕ್ಟರರಿಗೆ ಫೋನು ಮಾಡಿದೆವು, ಅವರು ಗುಳಿಗೆಯ ಪ್ರಮಾಣ ಇಳಿಸಿದರು. ಊಟ ಇಳಿಸಿದಾಗ ಸಕ್ಕರೆ ಗುಳಿಗೆಯನ್ನೂ ಡಾಕ್ಟರರಿಂದ ಹೊಂದಿಸಿಕೊಳ್ಳಬೇಕು, ನಮ್ಮಷ್ಟಕ್ಕೆ ನಾವೇ ಬಿಡಬಾರದು. ಮನಸ್ಸಿನ ನಡುಕ ಎಂದು ಸುಮ್ಮನೆ ಮಲಗುವ ಮೊದಲು ಬೆರಳು ಚುಚ್ಚಿ ನೋಡಿ.

ದವಾಖಾನೆಯವರು ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಉಪಕರಣ ಕೊಟ್ಟಿದ್ದರು. ಬಹಳ ಮಂದಿ ಅದನ್ನು ಊದುತ್ತಾರೆ. ಊದಬಾರದು, ನಿಧಾನವಾಗಿ ಉಸಿರು ಒಳಗೆಳೆದು ಚೆಂಡು ಏರಿಸಬೇಕು. ಪುಪ್ಪುಸ ಚೆನ್ನಾಗಿ ಹಿಗ್ಗಲೆಂದು ಕೊಡುವ ಈ ವ್ಯಾಯಾಮ ನನ್ನ ಮನಸ್ಸಿಗೂ ಆಧಾರವಾಯಿತು. ಸಂಗೀತ ಕೇಳುವುದೂ ಉಪಕಾರಿ. ಕೊಕ್ರೇನ್ ಸಂಸ್ಥೆ 2013ರಲ್ಲಿ 26 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕವನ್ನು ಸಂಗೀತ ತಗ್ಗಿಸಬಲ್ಲದೆಂದು ಹೇಳಿತು. ನಾನು ಹಾಸಿಗೆಯಲ್ಲಿ ವಚನ ಕೇಳುತ್ತಿದ್ದೆ. ವಚನಕಾರರಾದ ಸೊಲ್ಲಾಪುರದ ಸಿದ್ಧರಾಮೇಶ್ವರರು ನಮಗೆ ಮನೆಯ ಹಿರಿಯರಿದ್ದಂತೆ.

ನೋಟುಬುಕ್ಕಿನಲ್ಲಿ ಒಂದು ಪ್ರಶ್ನೆಗೆ ಮಾತ್ರ ಯಾವ ಡಾಕ್ಟರರ ಹೆಸರೂ ಹೊಂದಲಿಲ್ಲ: ಮದುವೆ ಮುಂಜಿಯಲ್ಲಿ, ಹಬ್ಬದ ಪಂಕ್ತಿಯಲ್ಲಿ ಎರಡೇ ತುತ್ತಿಗೆ ಏಳುವವಳಾಗಿ ನಾನು ಹೇಗಿರುತ್ತೇನೆ? ಅದನ್ನು ಆಪ್ತಸಮಾಲೋಚಕರ ಜೊತೆ ಮಾತಾಡಿದೆ. ಆ ಭೇಟಿಯನ್ನು ತಲೆ ಕೆಟ್ಟವರಿಗೆ ಇರುವುದೆಂದು ತಿಳಿದು ತಪ್ಪಿಸಿಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜೀವನವಿಡೀ ವಿಟಮಿನ್ ಗುಳಿಗೆ ನುಂಗಿ, ಅಳತೆಯಲ್ಲಿ ಉಂಡು ಬಾಳುವ ನಿರ್ಧಾರಕ್ಕೆ ಮನಸ್ಸೂ ತಯಾರಾಗಬೇಕು.

ದಿನಾಂಕ ಗೊತ್ತಾಗಿರುವವರು ನಿಮ್ಮ ಪ್ರಶ್ನೆಗಳನ್ನು ಇವತ್ತೇ ಬರೆದಿಡಿ. ತೃಪ್ತಿಯಾಗುವ ಉತ್ತರ ಸಿಗುವವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಡಿ. ಸಹಿ ಮಾಡಿದ ಮೇಲೂ ಬೇಡವೆನ್ನುವ, ಮುಂದೂಡುವ ಹಕ್ಕು ನಿಮಗಿದೆ. ರಾತ್ರಿ ನಿದ್ದೆ ಬಾರದೆ ಯಾರೊಡನೆಯಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ. ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.